ಕಾಫಿ ರೇಟು ನೋಡಲು ಹೋದವರಿಗೆ ಅಪ್‌ಡೇಟ್ ಗಾಳ

ಡಿಸೆಂಬರ್ ಕಳೆದು ಕೊಯ್ಲು ಜೋರಾದರೆ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ತೋಟದ ಮನೆಗಳಲ್ಲಿ ಸಂಜೆಯ ಮೊದಲ ಕೆಲಸ ರೇಟು ನೋಡುವುದು. ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟಾಯಿತು, ರೋಬಸ್ಟಾ ಚೆರ್ರಿ ಏರಿತೋ ಇಳಿಯಿತೋ, ಕಾಳುಮೆಣಸಿಗೆ ಇವತ್ತು ಎಷ್ಟು ಕೇಳುತ್ತಿದ್ದಾರೆ? ಕಾಫಿಗೆ 50 ಕೆ.ಜಿ. ಮೂಟೆಯ, ಮೆಣಸಿಗೆ ಕೆ.ಜಿ. ಲೆಕ್ಕದ ಈ ಅಂಕಿಗಳು ಮೊದಲು ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಬೀಳುತ್ತವೆ. ಅದರಲ್ಲಿ ಸಮಾಧಾನ ಆಗದವರು ಗೂಗಲ್‌ನಲ್ಲಿ ಹುಡುಕುತ್ತಾರೆ. ಕಾಫಿ ಮಂಡಳಿ ತನ್ನ ಜಾಲತಾಣದಲ್ಲೇ ದಿನದ ಮಾರುಕಟ್ಟೆ ವರದಿ ಹಾಕುತ್ತದೆ. ಆದರೆ ಹುಡುಕಿದವರ ಕಣ್ಣಿಗೆ ಮೊದಲು ಬೀಳುವುದು ಅದೇ ಆಗಿರಬೇಕೆಂದಿಲ್ಲ. ಬೆಲೆ ಒಂದು ಸಾಲು, ಜಾಹೀರಾತು ಹತ್ತು ಸಾಲು ಇರುವ ಪುಟಗಳಿಗೆ ಅಲ್ಲಿ ಬರವಿಲ್ಲ.

ಆ ಜಾಹೀರಾತುಗಳ ನಡುವೆ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಇಡೀ ಪರದೆ ಬೆಳ್ಳಗಾಗುತ್ತದೆ. ಮೇಲುಗಡೆ ಕ್ರೋಮ್‌ನ ಬಣ್ಣದ ಚಕ್ರ. ಕೆಳಗೆ ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಈಗಲೇ ಅಪ್‌ಡೇಟ್ ಮಾಡಿ’ ಎಂಬ ಸಾಲು. 59, 58, 57 ಎಂದು ಇಳಿಯುವ ಸೆಕೆಂಡುಗಳು. ದೊಡ್ಡದೊಂದು ನೀಲಿ ಬಟನ್. ಮೂಲೆಯಲ್ಲಿ ಮುಚ್ಚುವುದಕ್ಕೆಂದು ಇಟ್ಟಂತೆ ಕಾಣುವ ಸಣ್ಣ ಇಂಟು ಗುರುತು. ಎಷ್ಟೋ ಸಲ ಆ ಇಂಟು ಗುರುತೂ ಬರೀ ಚಿತ್ರ. ನೀಲಿ ಬಟನ್ ಒತ್ತಿದರೂ ಅದನ್ನು ಒತ್ತಿದರೂ ಡೌನ್‌ಲೋಡ್ ಆಗುವುದು ಅದೇ ಫೈಲು.

ಪಹಣಿ ಹುಡುಕುವಾಗ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಪುಕ್ಕಟೆ ಕ್ರಿಕೆಟ್ ನೋಡಿಸುವ ಪುಟಗಳಲ್ಲಿ, ಹೊಸ ಸಿನಿಮಾ ಕದ್ದು ಹಾಕುವ ತಾಣಗಳಲ್ಲಿ ಇದೇ ಪರದೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಕೆಲವೊಮ್ಮೆ ನಿಮ್ಮ ಫೋನಿನ ಕಂಪನಿಯ ಹೆಸರನ್ನೂ ನಿಮ್ಮ ಊರಿನ ಹೆಸರನ್ನೂ ಹೇಳಿಬಿಡುತ್ತದೆ. ‘ನನ್ನ ಫೋನು ಯಾವುದೆಂದು ಇದಕ್ಕೆ ಹೇಗೆ ಗೊತ್ತಾಯ್ತು? ನಿಜವೇ ಇರಬೇಕು’ ಎಂದು ಜನ ನಂಬುವುದು ಇಲ್ಲೇ.

ಇದರಲ್ಲಿ ಮಾಯಮಂತ್ರ ಏನಿಲ್ಲ. ನೀವು ಯಾವುದೇ ಪುಟ ತೆರೆದರೂ ನಿಮ್ಮ ಬ್ರೌಸರ್ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ: ನಾನು ಕ್ರೋಮ್, ಇಂಥ ಆವೃತ್ತಿ, ಆಂಡ್ರಾಯ್ಡ್ ಫೋನಿನಲ್ಲಿದ್ದೇನೆ. ಪುಟವು ಪರದೆಗೆ ಸರಿಯಾಗಿ ಹೊಂದಿಕೊಳ್ಳಲಿ ಎಂದು ಮಾಡಿದ ಏರ್ಪಾಡು ಅದು. ಊರಿನ ಹೆಸರು ಸಿಗುವುದು ನಿಮ್ಮ ಇಂಟರ್ನೆಟ್ ವಿಳಾಸದಿಂದ. ಅದೂ ಅಂದಾಜು ಮಾತ್ರ. ಕಳಸದಲ್ಲಿ ಕೂತವರಿಗೆ ಅದು ಬೆಂಗಳೂರು ಎಂದು ತೋರಿಸುವುದೂ ಉಂಟು. ಇಷ್ಟು ಬಿಟ್ಟರೆ ನಿಮ್ಮ ಫೋನಿನೊಳಗೆ ವೈರಸ್ ಇದೆಯೋ ಇಲ್ಲವೋ, ಬ್ಯಾಟರಿ ಹಾಳಾಗಿದೆಯೋ ಇಲ್ಲವೋ ಎಂದು ತಪಾಸಣೆ ಮಾಡುವ ಅಧಿಕಾರ ಯಾವ ಪುಟಕ್ಕೂ ಇಲ್ಲ. ಗೇಟಿನಾಚೆ ನಿಂತ ಅಪರಿಚಿತನೊಬ್ಬ ನಿಮ್ಮ ಅಟ್ಟದ ತೊಲೆಗೆ ಗೆದ್ದಲು ಹಿಡಿದಿದೆ ಎಂದು ಕೂಗಿದರೆ ಎಷ್ಟು ನಂಬಬಹುದೋ ಇದನ್ನೂ ಅಷ್ಟೇ ನಂಬಬೇಕು.

ಆದರೂ ಜನ ನಂಬುತ್ತಾರೆ. ಮಲೆನಾಡಿನಲ್ಲಿ ನಂಬುವುದಕ್ಕೆ ತಕ್ಕ ಕಾರಣವೂ ಇದೆ. ಇಲ್ಲಿನ ಬಹಳಷ್ಟು ಫೋನುಗಳಿಗೆ ಅಪ್‌ಡೇಟ್ ನಿಜಕ್ಕೂ ಬೇಕಾಗಿರುತ್ತದೆ.

ಪ್ಲೇ ಸ್ಟೋರ್ ಸಾಮಾನ್ಯವಾಗಿ ವೈಫೈ ಸಿಕ್ಕಾಗ ಮಾತ್ರ ಆ್ಯಪ್‌ಗಳನ್ನು ತಾನಾಗಿ ಅಪ್‌ಡೇಟ್ ಮಾಡುವಂತೆ ಹೊಂದಿಸಲ್ಪಟ್ಟಿರುತ್ತದೆ. ಸಂಸೆ, ಹೊರನಾಡು, ಬಾಳೂರು ಆಸುಪಾಸಿನ ಒಂಟಿ ಮನೆಗಳಲ್ಲಿ ವೈಫೈ ಇರಲಿ, ಅಂಗಳದ ಯಾವ ಮೂಲೆಯಲ್ಲಿ ನಿಂತರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ ಎಂಬುದೇ ದೊಡ್ಡ ವಿಷಯ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರ್‌ನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಮಾತು. ಕೊರೋನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಗುಡ್ಡ ಹತ್ತಿ ಕೂರುತ್ತಿದ್ದುದನ್ನು ಮಲೆನಾಡು ಮರೆತಿಲ್ಲ. ಹೀಗಿರುವಾಗ ಅಪ್‌ಡೇಟ್‌ಗಳು ತಿಂಗಳುಗಟ್ಟಲೆ ಬಾಕಿ ಉಳಿಯುತ್ತವೆ. ಬ್ಯಾಂಕಿನ ಆ್ಯಪ್ ‘ಹಳೆಯ ಆವೃತ್ತಿ’ ಎಂದು ತೆರೆಯುವುದಿಲ್ಲ, ವಾಟ್ಸ್‌ಆ್ಯಪ್ ಹೊಸದು ಹಾಕಿ ಎನ್ನುತ್ತದೆ. ಇನ್ನು ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ, ಸಣ್ಣ ಹಿಡುವಳಿದಾರರ ಮನೆಗಳಲ್ಲಿ ಒಂದು ಫೋನು ಅಪ್ಪನಿಂದ ಮಗನಿಗೆ, ಮಗನಿಂದ ಅಜ್ಜಿಗೆ ದಾಟುತ್ತಾ ಹೋಗುತ್ತದೆ. ಅದಕ್ಕೆ ಕಂಪನಿಯಿಂದ ಬರುವ ಭದ್ರತಾ ಅಪ್‌ಡೇಟ್ ನಿಂತು ಎಷ್ಟೋ ಕಾಲವಾಗಿರುತ್ತದೆ. ಅಂಥವರಿಗೆ ‘ಅಪ್‌ಡೇಟ್ ಮಾಡಿ’ ಎನ್ನುವ ಪರದೆ ಕಂಡರೆ ಅನುಮಾನ ಬರಲು ಕಾರಣವೇ ಇಲ್ಲ. ಅದು ಹೇಳುತ್ತಿರುವುದು ಅರ್ಧ ಸತ್ಯ.

ಹಾಗಾಗಿ ‘ಅಪ್‌ಡೇಟ್ ಅಂದ್ರೆ ಮುಟ್ಟಲೇಬೇಡಿ’ ಎನ್ನುವ ಸಲಹೆ ತಪ್ಪು ಮಾತ್ರವಲ್ಲ, ಅಪಾಯ. 2017ರ ಮೇ 12ರಂದು 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ಕುತಂತ್ರಾಂಶಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಆ ಅಪ್‌ಡೇಟ್ ಹಾಕಿಕೊಳ್ಳದವರೇ ಸಿಕ್ಕಿಬಿದ್ದರು. ಆ್ಯಪಲ್ ಕಂಪ್ಯೂಟರ್‌ಗಳ ಫ್ಲ್ಯಾಶ್‌ಬ್ಯಾಕ್ ಎಂಬ ಕುತಂತ್ರಾಂಶದ ಕಥೆಯಲ್ಲಂತೂ ಎರಡೂ ತುದಿ ಒಟ್ಟಿಗೆ ಕಾಣುತ್ತವೆ. 2011ರಲ್ಲಿ ಅದು, ಆಗ ಪುಟಗಳಲ್ಲಿ ವಿಡಿಯೊ ನೋಡಲು ಬೇಕಿದ್ದ ಫ್ಲ್ಯಾಶ್ ಪ್ಲೇಯರ್ ಹಾಕಿಕೊಡುವ ಫೈಲಿನ ವೇಷದಲ್ಲಿ ಬಂತು. ಮರುವರ್ಷ ವೇಷವನ್ನೇ ಬಿಟ್ಟು, ಜಾವಾದಲ್ಲಿದ್ದ ತೂತಿನ ಮೂಲಕ ಯಾರ ಅಪ್ಪಣೆಯೂ ಇಲ್ಲದೆ ಒಳಗೆ ನುಗ್ಗತೊಡಗಿತು. ಜಾವಾದ ಒಡೆಯ ಒರಾಕಲ್ ಕಂಪನಿ ಆ ತೂತನ್ನು 2012ರ ಫೆಬ್ರುವರಿಯಲ್ಲೇ ಮುಚ್ಚಿತ್ತು. ಆ್ಯಪಲ್ ಅದನ್ನು ತನ್ನ ಗಿರಾಕಿಗಳಿಗೆ ತಲುಪಿಸಿದ್ದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ 6 ಲಕ್ಷಕ್ಕೂ ಹೆಚ್ಚು ಯಂತ್ರಗಳು ಹೋಗಿದ್ದವು. ಸುಳ್ಳು ಅಪ್‌ಡೇಟ್ ನಂಬಿದವರೂ ಕೆಟ್ಟರು, ನಿಜವಾದ ಅಪ್‌ಡೇಟ್ ಸಿಗದವರೂ ಕೆಟ್ಟರು.

ಕನ್ನಡ ಓದುಗರಿಗೆ ಇದರಲ್ಲಿ ಇನ್ನೊಂದು ಹಳೆಯ ಎಳೆ ಇದೆ. ಇಪ್ಪತ್ತು ವರ್ಷಗಳ ಹಿಂದೆ ಕನ್ನಡ ಜಾಲತಾಣ ತೆರೆದವರಿಗೆ ನೆನಪಿರಬಹುದು: ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಮೇಲುಗಡೆ ‘ಕನ್ನಡ ಕಾಣದಿದ್ದರೆ ಈ ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ. ಪತ್ರಿಕೆಗೊಂದು ಫಾಂಟು, ಕಚೇರಿಗೊಂದು ಫಾಂಟು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟೂ ಬಂದಿತ್ತು. ಆದರೂ ಎಲ್ಲರೂ ಯೂನಿಕೋಡ್‌ಗೆ ಬದಲಾಗಲು ವರ್ಷಗಳೇ ಹಿಡಿದವು. ಮೂಡಿಗೆರೆಯ ತೋಟದಲ್ಲಿ ಕುಳಿತೇ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರಿನಲ್ಲಿ ಕನ್ನಡ ಸರಾಗವಾಗಬೇಕು, ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕು ಎಂದು ಹಟ ಹಿಡಿದು ಕೆಲಸ ಮಾಡಿದ್ದು ಆ ದಿನಗಳಲ್ಲೇ. ಪುಟ ಓದಬೇಕಾದರೆ ಪುಟ ಕೊಟ್ಟದ್ದನ್ನು ಇಳಿಸಿಕೊಳ್ಳಬೇಕು ಎಂಬುದು ಒಂದು ತಲೆಮಾರಿನ ಕನ್ನಡ ಓದುಗರಿಗೆ ಆಗ ರೂಢಿಯಾಗಿಬಿಟ್ಟಿತ್ತು.

ಇದೇ ರೂಢಿಯನ್ನು 2017ರಲ್ಲಿ ಕಳ್ಳರು ಬಳಸಿಕೊಂಡರು, ಕನ್ನಡದಲ್ಲಲ್ಲ, ಇಂಗ್ಲಿಷ್‌ನಲ್ಲಿ. ಕನ್ನ ಹಾಕಿದ ಜಾಲತಾಣಗಳನ್ನು ಕ್ರೋಮ್‌ನಲ್ಲಿ ತೆರೆದರೆ ಪುಟದ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಮೇಲೊಂದು ಪೆಟ್ಟಿಗೆ: ‘ಹೋಫ್ಲರ್‌ಟೆಕ್ಸ್ಟ್ ಫಾಂಟ್ ಸಿಕ್ಕಿಲ್ಲ, ಅಪ್‌ಡೇಟ್ ಮಾಡಿ’. ಕ್ರೋಮ್‌ನದ್ದೇ ಲಾಂಛನ, ಕ್ರೋಮ್‌ನದ್ದೇ ಬಣ್ಣ. ಒತ್ತಿದವರ ಯಂತ್ರಕ್ಕೆ ಮೊದಮೊದಲು ಜಾಹೀರಾತುಗಳನ್ನು ಕಳ್ಳತನದಲ್ಲಿ ಒತ್ತುವ ತಂತ್ರಾಂಶ ಇಳಿಯಿತು, ಆಮೇಲೆ ಫೈಲುಗಳಿಗೆ ಬೀಗ ಹಾಕುವ ಸ್ಪೋರಾ ಇಳಿಯಿತು. ಅದೇ ವರ್ಷ ಅಕ್ಟೋಬರ್ 24ರಂದು ‘ಬ್ಯಾಡ್ ರ್‍ಯಾಬಿಟ್’ ಬಂತು. ರಷ್ಯಾದ ಸುದ್ದಿತಾಣಗಳ ಓದುಗರಿಗೆ ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಎಂದು ತೋರಿಸಿ ಇಳಿಸಿದ ಒಂದು ಫೈಲು ಇಂಟರ್‌ಫ್ಯಾಕ್ಸ್ ಸುದ್ದಿಸಂಸ್ಥೆಯನ್ನು ನಿಲ್ಲಿಸಿತು. ಉಕ್ರೇನಿನ ಒಡೆಸಾ ವಿಮಾನನಿಲ್ದಾಣ, ಕೀವ್ ಮೆಟ್ರೊದವರೆಗೂ ಅದರ ಹೊಡೆತ ಬಿತ್ತು.

ಫ್ಲ್ಯಾಶ್ ಪ್ಲೇಯರ್ ಹೆಸರು ಹೇಳುವ ಪರದೆ ಇಂದಿಗೂ ಅಲ್ಲಲ್ಲಿ ಕಾಣಿಸುತ್ತದೆ. ಅಡೋಬಿ ಅದನ್ನು 2020ರ ಡಿಸೆಂಬರ್ 31ಕ್ಕೆ ಕೈಬಿಟ್ಟಿತು, 2021ರ ಜನವರಿ 12ರಿಂದ ಅದು ಓಡದಂತೆಯೇ ಮಾಡಿತು. ಇವತ್ತು ಯಾರಾದರೂ ಫ್ಲ್ಯಾಶ್ ಅಪ್‌ಡೇಟ್ ಕೊಡುತ್ತೇನೆಂದರೆ ಅದು ನೂರಕ್ಕೆ ನೂರು ಸುಳ್ಳು.

ಫೋನಿನ ಮಟ್ಟಿಗೆ ಭಾರತದಲ್ಲಿ ಈ ಕಾಯಿಲೆ ಬೇರೆ ದಾರಿ ಹಿಡಿಯಿತು. 2020ರ ಜೂನ್ 29ರಂದು ಟಿಕ್‌ಟಾಕ್, ಶೇರ್‌ಇಟ್, ಯುಸಿ ಬ್ರೌಸರ್ ಸೇರಿ 59 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅದಾದ ಕೆಲವೇ ದಿನಗಳಲ್ಲಿ ‘ಟಿಕ್‌ಟಾಕ್ ಪ್ರೊ’ ಎಂಬ ಎಪಿಕೆ, ಅಂದರೆ ಆ್ಯಪ್ ಹಾಕುವ ಫೈಲಿನ, ಲಿಂಕ್ ಎಲ್ಲ ಕಡೆ ಓಡಾಡಿತು. ಪ್ಲೇ ಸ್ಟೋರ್‌ನಲ್ಲಿ ಇಲ್ಲದ್ದನ್ನು ಎಪಿಕೆಯಾಗಿ ಹಾಕಿಕೊಳ್ಳುವ ಅಭ್ಯಾಸ ಆಗ ಇನ್ನಷ್ಟು ಹಬ್ಬಿತು. 2021ರ ಏಪ್ರಿಲ್‌ನಲ್ಲಿ ‘ವಾಟ್ಸ್‌ಆ್ಯಪ್ ಪಿಂಕ್’ ಬಂತು: ಹಸಿರು ಬಣ್ಣದ ವಾಟ್ಸ್‌ಆ್ಯಪ್ ಅನ್ನು ಗುಲಾಬಿ ಮಾಡಿಕೊಳ್ಳಿ, ಇದು ಅಧಿಕೃತ ಅಪ್‌ಡೇಟ್ ಎಂದು ಹೇಳುವ ಲಿಂಕ್. ಹಾಕಿಕೊಂಡವರ ಫೋನಿಗೆ ಯಾರು ಏನು ಕಳಿಸಿದರೂ ಉತ್ತರವಾಗಿ ಅದೇ ಲಿಂಕ್ ತಾನಾಗಿ ಹೋಗುತ್ತಿತ್ತು. ಆದ್ದರಿಂದ ಅದು ಬಂದದ್ದು ಅಪರಿಚಿತರಿಂದ ಅಲ್ಲ. ಅಣ್ಣನಿಂದ, ಭಾವನಿಂದ, ಸ್ವಸಹಾಯ ಸಂಘದ ಗುಂಪಿನಿಂದ. 2023ರಲ್ಲಿ ಅದು ಮತ್ತೆ ತಲೆ ಎತ್ತಿತು, ಮುಂಬೈ ಪೊಲೀಸರು ಎಚ್ಚರಿಸಬೇಕಾಯಿತು.

ಕರ್ನಾಟಕಕ್ಕೆ ತೀರಾ ಹತ್ತಿರದ ಪ್ರಕರಣ 2024ರ ಜುಲೈನದು. ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆ ಒಂದು ಜಾಲವನ್ನು ಬಯಲಿಗೆ ತಂದಿತು. ವಾಟ್ಸ್‌ಆ್ಯಪ್‌ನಲ್ಲಿ ಪರಿವಾಹನ್ ಸೇವೆ ಅಥವಾ ಕರ್ನಾಟಕ ಪೊಲೀಸರ ಹೆಸರಲ್ಲಿ ಸಂದೇಶ ಬರುತ್ತದೆ: ನಿಮ್ಮ ವಾಹನಕ್ಕೆ ಸಂಚಾರ ದಂಡ ಬಿದ್ದಿದೆ, ವಿವರಕ್ಕೆ ಈ ಆ್ಯಪ್ ಹಾಕಿಕೊಳ್ಳಿ. ಜೊತೆಗೊಂದು ಎಪಿಕೆ. ಹಾಕಿಕೊಂಡರೆ ಅದು ಕಾಂಟ್ಯಾಕ್ಟ್‌ಗಳು, ಕರೆಗಳು, ಎಸ್ಸೆಮ್ಮೆಸ್ ಎಲ್ಲಕ್ಕೂ ಅನುಮತಿ ಕೇಳುತ್ತದೆ; ಸಂದೇಶ ಓದುವ ಮುಖ್ಯ ಆ್ಯಪ್ ತಾನೇ ಆಗಬೇಕೆನ್ನುತ್ತದೆ. ಕೊಟ್ಟರೆ ಅಲ್ಲಿಗೆ ಮುಗಿಯಿತು. ಒಟಿಪಿ ಬಂದದ್ದು ನಿಮಗೆ, ಓದುವವನು ಇನ್ನೊಬ್ಬ. ಅದನ್ನು ಬಳಸಿ ಶಾಪಿಂಗ್ ಖಾತೆಗಳಿಗೆ ನುಗ್ಗಿ ಗಿಫ್ಟ್ ಕಾರ್ಡ್ ಕೊಂಡು ಹಣ ಮಾಡಿಕೊಳ್ಳುತ್ತಿದ್ದರು. ನಡೆಸುತ್ತಿದ್ದವರು ವಿಯೆಟ್ನಾಂ ಕಡೆಯವರು, 4,400ಕ್ಕೂ ಹೆಚ್ಚು ಫೋನುಗಳಿಗೆ ಸೋಂಕು ತಗುಲಿತ್ತು, ಒಬ್ಬ ವಂಚಕನ ಕೈಗೇ 16 ಲಕ್ಷ ರೂಪಾಯಿಗೂ ಮೇಲೆ ಹೋಗಿತ್ತು ಎಂದು ಆ ವರದಿ ಹೇಳಿತು. ಹೆಚ್ಚು ಪೆಟ್ಟು ತಿಂದ ರಾಜ್ಯಗಳಲ್ಲಿ ಗುಜರಾತ್ ಮೊದಲು, ಕರ್ನಾಟಕ ಎರಡನೆಯದು.

ಪಿಎಂ ಕಿಸಾನ್ ಕಂತು, ಬ್ಯಾಂಕಿನ ಕೆವೈಸಿ, ಮದುವೆಯ ಆಮಂತ್ರಣ ಪತ್ರಿಕೆ ಹೀಗೆ ಹೆಸರು ಬದಲಾಗುತ್ತದೆ. ಒಳಗಿನ ಕೆಲಸ ಮಾತ್ರ ಅದೇ. ಇಂಥ ಫೈಲುಗಳಲ್ಲಿ ಎಷ್ಟೋ ಎರಡು ಹಂತದವು. ಮೊದಲು ಬರುವ ಆ್ಯಪ್‌ನಲ್ಲಿ ಏನೂ ಇರುವುದಿಲ್ಲ. ತೆರೆದ ಕೂಡಲೇ ಪ್ಲೇ ಸ್ಟೋರ್‌ನ ಹಾಗೇ ಕಾಣುವ ಪರದೆಯಲ್ಲಿ ‘ಮುಂದುವರಿಯಲು ಅಪ್‌ಡೇಟ್ ಮಾಡಿ’ ಎನ್ನುತ್ತದೆ. ಒತ್ತಿದರೆ ಫೋನು ಒಂದು ಪ್ರಶ್ನೆ ಕೇಳುತ್ತದೆ: ಈ ಮೂಲದಿಂದ ಅಪರಿಚಿತ ಆ್ಯಪ್‌ಗಳನ್ನು ಹಾಕಲು ಬಿಡಲೇ? ಈ ಪ್ರಶ್ನೆ ಮಾತ್ರ ಕಳ್ಳನದಲ್ಲ, ಆಂಡ್ರಾಯ್ಡ್‌ನದೇ. ಇಡೀ ನಾಟಕದಲ್ಲಿ ನಿಮ್ಮ ಪರವಾಗಿ ಮಾತಾಡುವ ಪರದೆ ಅದೊಂದೇ, ಅದನ್ನೇ ಜನ ಓದದೆ ದಾಟಿಸಿಬಿಡುತ್ತಾರೆ. ನಿಜವಾದ ಅಪ್‌ಡೇಟ್ ಪ್ಲೇ ಸ್ಟೋರ್‌ನಿಂದಲೋ ಫೋನ್ ಕಂಪನಿಯಿಂದಲೋ ಬರುವುದರಿಂದ ಈ ಪ್ರಶ್ನೆ ಏಳುವುದೇ ಇಲ್ಲ. ಎದ್ದಿದೆ ಎಂದರೆ ಬಂದ ದಾರಿ ಸರಿಯಿಲ್ಲ.

ಇದಾದ ಮೇಲೆ ಅದು ಕೇಳುವ ‘ಆ್ಯಕ್ಸೆಸಿಬಿಲಿಟಿ’ ಅನುಮತಿಯಂತೂ ಇನ್ನೂ ಅಪಾಯದ್ದು. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು, ಕೈ ಆಡದವರ ಪರವಾಗಿ ಬಟನ್ ಒತ್ತಲು ಮಾಡಿದ ಸೌಲಭ್ಯ ಅದು. ಕಳ್ಳ ಆ್ಯಪ್‌ಗೆ ಅದು ಸಿಕ್ಕರೆ ನಿಮ್ಮ ಪರದೆ ಓದುತ್ತದೆ, ನಿಮ್ಮ ಪರವಾಗಿ ಬಟನ್ ಒತ್ತುತ್ತದೆ. 2024ರ ಏಪ್ರಿಲ್‌ನಲ್ಲಿ ಪತ್ತೆಯಾದ ‘ಬ್ರೋಕ್‌ವೆಲ್’ ಎಂಬ ಕುತಂತ್ರಾಂಶ ಕ್ರೋಮ್ ಅಪ್‌ಡೇಟ್ ಪುಟದ ವೇಷದಲ್ಲಿ ಬಂದು ಮಾಡಿದ್ದು ಇದನ್ನೇ. ಆಂಡ್ರಾಯ್ಡ್ 13ರಿಂದ ಹೊರಗಿನಿಂದ ಹಾಕಿದ ಆ್ಯಪ್‌ಗಳಿಗೆ ಈ ಅನುಮತಿ ಸುಲಭವಾಗಿ ಸಿಗದಂತೆ ಗೂಗಲ್ ಅಡ್ಡಿ ಇಟ್ಟಿದೆ. ಅಜ್ಜಿಯ ಕೈಗೆ ಬಂದ ಹಳೇ ಫೋನಿನಲ್ಲಿ ಆ ಅಡ್ಡಿ ಇಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಕಾಗುಣಿತ ತಪ್ಪಿದ್ದರೆ, ಕನ್ನಡ ಅಡ್ಡಾದಿಡ್ಡಿ ಇದ್ದರೆ ಮೋಸ ಎಂದು ಹಿಂದೆ ಹೇಳುತ್ತಿದ್ದರು. ಯಂತ್ರಗಳೇ ಅಚ್ಚುಕಟ್ಟಾದ ಕನ್ನಡ ಬರೆಯತೊಡಗಿರುವಾಗ ಆ ಪರೀಕ್ಷೆಯ ಕಾಲ ಮುಗಿಯಿತು. ಲಾಂಛನ, ಬಣ್ಣ ನೋಡಿ ಹೇಳುವುದಂತೂ ಆಗದ ಮಾತು. ನಕಲು ಅಸಲಿನಷ್ಟೇ ಚೆನ್ನಾಗಿರುತ್ತದೆ. ನೋಡಬೇಕಾದ್ದು ಪರದೆಯಲ್ಲಿ ಅದು ಎಲ್ಲಿದೆ ಎಂಬುದನ್ನು. ಕಂಪ್ಯೂಟರ್‌ನ ಕ್ರೋಮ್‌ಗೆ ಹೊಸ ಆವೃತ್ತಿ ಬಂದಾಗ ಅದು ಸದ್ದಿಲ್ಲದೆ ತಾನೇ ಇಳಿಸಿಕೊಂಡಿರುತ್ತದೆ. ಬಲಗಡೆ ಮೇಲ್ತುದಿಯ ಮೂರು ಚುಕ್ಕಿಯ ಬಳಿ, ಅಂದರೆ ಪುಟದ ಹೊರಗೆ, ಸಣ್ಣದಾಗಿ ತಿಳಿಸುತ್ತದೆ. ಸೆಕೆಂಡು ಎಣಿಸುವುದಿಲ್ಲ, ಹೆದರಿಸುವುದಿಲ್ಲ, ಫೈಲು ಕೊಡುವುದಿಲ್ಲ. ಪುಟದ ಒಳಗೆ ಮೂಡಿದ ಪೆಟ್ಟಿಗೆ ಪುಟದವನದ್ದೇ. ಆ ಟ್ಯಾಬ್ ಮುಚ್ಚಿ ನೋಡಿ: ಅದರ ಜೊತೆಗೇ ‘ಅಪ್‌ಡೇಟ್’ ಕೂಡ ಮಾಯವಾದರೆ ಅದು ನಿಮ್ಮ ಯಂತ್ರ ಹೇಳಿದ ಮಾತಾಗಿರಲಿಲ್ಲ.

ಮುಚ್ಚುವಾಗ ಪರದೆಯ ಮೇಲಿನ ಯಾವ ಬಟನ್ನನ್ನೂ ನಂಬಬೇಡಿ. ಫೋನಿನಲ್ಲಾದರೆ ತೆರೆದಿರುವ ಆ್ಯಪ್‌ಗಳ ಸಾಲಿಗೆ ಹೋಗಿ ಬ್ರೌಸರನ್ನೇ ತಳ್ಳಿಹಾಕಬೇಕು. ಕಂಪ್ಯೂಟರ್‌ನಲ್ಲಿ ಪರದೆ ಪೂರ್ತಿ ಆವರಿಸಿ ಮೌಸ್‌ನ ಬಾಣವೂ ಕಾಣದಂತಾದರೆ ಎಸ್ಕೇಪ್ ಕೀಲಿ, ಆಗದಿದ್ದರೆ ಆಲ್ಟ್ ಜೊತೆ ಎಫ್4. ಮತ್ತೆ ತೆರೆದಾಗ ಬ್ರೌಸರ್ ‘ಹಿಂದಿನ ಪುಟಗಳನ್ನು ತರಲೇ’ ಎಂದರೆ ಬೇಡ ಎನ್ನಿ.

ಆಮೇಲೆ, ಇದು ಮುಖ್ಯ, ಅಪ್‌ಡೇಟ್ ಬೇಕಿದೆಯೇ ಎಂದು ನೀವೇ ಹೋಗಿ ನೋಡಿ. ಪ್ಲೇ ಸ್ಟೋರ್ ತೆರೆದು ಮೇಲಿರುವ ನಿಮ್ಮ ಚಿತ್ರ ಒತ್ತಿದರೆ ಆ್ಯಪ್‌ಗಳ ನಿರ್ವಹಣೆಯ ಜಾಗದಲ್ಲಿ ಬಾಕಿ ಇರುವುದೆಲ್ಲ ಪಟ್ಟಿಯಾಗಿ ಸಿಗುತ್ತದೆ. ಫೋನಿನ ಸ್ವಂತ ಅಪ್‌ಡೇಟ್ ಇರುವುದು ಸೆಟ್ಟಿಂಗ್ಸ್‌ನಲ್ಲಿ. ಕಂಪ್ಯೂಟರ್‌ನ ವಿಂಡೋಸ್‌ಗೂ ಸೆಟ್ಟಿಂಗ್ಸ್‌ನಲ್ಲೇ. ಸಂತೆಗೆಂದೋ ಬ್ಯಾಂಕಿಗೆಂದೋ ಪೇಟೆಗೆ ಹೋಗುವವರು ವೈಫೈ ಇರುವ ನೆಂಟರ ಮನೆಯಲ್ಲಿ ಅರ್ಧ ಗಂಟೆ ಕೂತು ಇದನ್ನು ಮುಗಿಸಿಕೊಂಡು ಬಂದರೆ, ತೋಟದ ಮನೆಯಲ್ಲಿ ರಾತ್ರಿ ಮೂಡುವ ನೀಲಿ ಬಟನ್ನಿಗೆ ಅರ್ಧ ಬಲ ಹೋದಂತೆ. ವೈಫೈಗೆ ದಾರಿಯೇ ಇಲ್ಲದವರು ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಯಾವ ನೆಟ್‌ವರ್ಕ್ ಆದರೂ ಸರಿ ಎಂದು ಬದಲಿಸಿಕೊಳ್ಳಬಹುದು. ಡೇಟಾ ಸ್ವಲ್ಪ ಖರ್ಚಾಗುತ್ತದೆ, ಆಗಲಿ.

ಟ್ಯಾಬ್ ಮುಚ್ಚಿದರೂ ಹೋಗದೆ ಕಾಡುವ ಒಂದು ಬಗೆ ಇದೆ. ಎಂದೋ ಒಂದು ದಿನ ಯಾವುದೋ ಪುಟ ‘ವಿಡಿಯೊ ನೋಡಲು ಅಲೋ ಒತ್ತಿ’ ಎಂದಿರುತ್ತದೆ, ನೀವು ಒತ್ತಿರುತ್ತೀರಿ. ನೀವು ಕೊಟ್ಟದ್ದು ವಿಡಿಯೊಗೆ ಅನುಮತಿಯಲ್ಲ, ನಿಮಗೆ ನೋಟಿಫಿಕೇಶನ್ ಕಳಿಸುವ ಅನುಮತಿ. ಅಂದಿನಿಂದ ಬ್ರೌಸರ್ ಮುಚ್ಚಿದ್ದರೂ ‘5 ವೈರಸ್ ಪತ್ತೆ’, ‘ಸಿಸ್ಟಂ ಅಪ್‌ಡೇಟ್ ಬಾಕಿ’ ಎಂಬ ಚೀಟಿಗಳು ಬ್ಯಾಂಕಿನ ಸಂದೇಶಗಳ ಪಕ್ಕದಲ್ಲೇ ಬಂದು ಕೂರುತ್ತವೆ. ಫೋನಿಗೆ ವೈರಸ್ ಬಂದಿದೆ ಎಂದು ಮೊಬೈಲ್ ಅಂಗಡಿಗೆ ದುಡ್ಡು ಕೊಟ್ಟು ಬರುವವರ ಎಷ್ಟೋ ಫೋನುಗಳಲ್ಲಿ ಇರುವುದು ಇಷ್ಟೇ ತೊಂದರೆ. ಚೀಟಿಯನ್ನು ಬಿಡಿಸಿ ನೋಡಿದರೆ ಕ್ರೋಮ್‌ನ ಗುರುತು ಮತ್ತು ಕಳಿಸಿದ ಜಾಲತಾಣದ ವಿಳಾಸ ಕಾಣುತ್ತದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ವಿಭಾಗಕ್ಕೆ ಹೋಗಿ ಆ ವಿಳಾಸವನ್ನು ತೆಗೆದರೆ ಅಲ್ಲಿಗೆ ನಿಲ್ಲುತ್ತದೆ.

ಎಸ್ಟೇಟ್ ಕಚೇರಿಗಳ ಹಳೇ ಕಂಪ್ಯೂಟರಿನ ಕಥೆ ಇನ್ನೊಂದು. ಹಾಜರಿ, ಬಟವಾಡೆ, ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೂಟೆಗಳ ಲೆಕ್ಕ ಎಲ್ಲ ಅದರಲ್ಲೇ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಇಂಥ ದಿನಾಂಕಗಳಿಗಾಗಿ ಕಳ್ಳರು ಕಾದಿರುತ್ತಾರೆ. 2022ರ ಜನವರಿ 26ರಂದು ವಿಂಡೋಸ್ 11ರ ಹಂಚಿಕೆ ಕೊನೆಯ ಹಂತಕ್ಕೆ ಬಂತು ಎಂದು ಮೈಕ್ರೋಸಾಫ್ಟ್ ಪ್ರಕಟಿಸಿದ ಮರುದಿನವೇ, ಅದರದ್ದೇ ಪುಟದಂತೆ ಕಾಣುವ ನಕಲಿ ತಾಣಕ್ಕಾಗಿ ಯಾರೋ ವಿಳಾಸ ನೋಂದಾಯಿಸಿದರು. ಅಲ್ಲಿ ಸಿಗುತ್ತಿದ್ದ ‘ಅಪ್‌ಗ್ರೇಡ್’ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ದೋಚುವ ರೆಡ್‌ಲೈನ್ ಕುತಂತ್ರಾಂಶ ಎಂದು ಎಚ್‌ಪಿ ಸಂಸ್ಥೆಯ ತಜ್ಞರು ಕಂಡುಹಿಡಿದರು.

2024ರಿಂದೀಚೆಗೆ ಕಳ್ಳರು ಫೈಲು ಕೊಡುವುದನ್ನೂ ಕಡಿಮೆ ಮಾಡಿದ್ದಾರೆ. ಪುಟದಲ್ಲಿ ‘ದೋಷ ಸರಿಪಡಿಸಲು ಮೂರು ಹೆಜ್ಜೆ’ ಎಂದು ಬರುತ್ತದೆ: ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ನೀವು ಏನನ್ನೂ ಕಾಪಿ ಮಾಡಿರುವುದಿಲ್ಲ, ಪುಟವೇ ಮೊದಲೇ ಮಾಡಿಟ್ಟಿರುತ್ತದೆ. ಮೂರನೇ ಹೆಜ್ಜೆಗೆ ನಿಮ್ಮ ಕೈಯಿಂದಲೇ ಕಳ್ಳನ ಆಜ್ಞೆ ಓಡುತ್ತದೆ. ಇದಕ್ಕೆ ಕ್ಲಿಕ್‌ಫಿಕ್ಸ್ ಎಂಬ ಹೆಸರು ಬಿದ್ದಿದೆ. 2025ರ ನವೆಂಬರ್‌ನಲ್ಲಿ ಬಯಲಾದ ಒಂದು ಬಗೆಯಲ್ಲಿ ವಿಂಡೋಸ್ ಅಪ್‌ಡೇಟ್ ಆಗುವಾಗ ಕಾಣುವ ನೀಲಿ ಪರದೆಯನ್ನೇ ಬ್ರೌಸರ್ ಪೂರ್ತಿ ತೋರಿಸಿ, ಕೊನೆಗೆ ಈ ಕೀಲಿಗಳನ್ನು ಒತ್ತಿಸುತ್ತಾರೆ. ನಿಜವಾದ ಯಾವ ಅಪ್‌ಡೇಟೂ ನಿಮ್ಮಿಂದ ಏನನ್ನೂ ಅಂಟಿಸಿ ಎಂಟರ್ ಒತ್ತಿಸುವುದಿಲ್ಲ. ಎಸ್ಟೇಟ್ ರೈಟರ್‌ಗೆ ಈ ಒಂದು ಮಾತನ್ನು ಹೇಳಿಟ್ಟರೆ ದೊಡ್ಡ ಉಪಕಾರ.

ಹಾಗೆಯೇ ಪರದೆಯ ಮೇಲೆ ಫೋನ್ ನಂಬರ್ ಕೊಟ್ಟು ‘ಮೈಕ್ರೋಸಾಫ್ಟ್‌ಗೆ ಕರೆ ಮಾಡಿ’ ಎನ್ನುವ ಪೆಟ್ಟಿಗೆಗಳು. ವಿದೇಶದಲ್ಲಿ ಮಕ್ಕಳಿರುವ ಮನೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಆ ಮಕ್ಕಳಿಗೂ ಇದು ಗೊತ್ತಿರಲಿ, ಅಮೆರಿಕ, ಕೆನಡಾ, ಬ್ರಿಟನ್‌ನಲ್ಲಿ ಇದರ ಹಾವಳಿ ಹೆಚ್ಚು. ಆದರೆ ಆ ನಂಬರ್ ಎತ್ತುತ್ತಿದ್ದ ಕಾಲ್ ಸೆಂಟರ್‌ಗಳಲ್ಲಿ ಹಲವು ಭಾರತದಲ್ಲೇ ಇದ್ದವು. ಮೈಕ್ರೋಸಾಫ್ಟ್, ಅಮೆಜಾನ್ ಕೊಟ್ಟ ದೂರುಗಳನ್ನೂ ಒಳಗೊಂಡ ಪ್ರಕರಣಗಳಲ್ಲಿ ಸಿಬಿಐ 2023ರ ಅಕ್ಟೋಬರ್‌ನಲ್ಲಿ ‘ಆಪರೇಶನ್ ಚಕ್ರ–2’ ಹೆಸರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ 76 ಕಡೆ ಶೋಧ ನಡೆಸಿತು.

ಕಾಫಿ ಸೀಮೆಯವರು ಈ ವಿಷಯದಲ್ಲಿ ಬರೀ ಬಲಿಯಾಗುವವರಲ್ಲ, ಗೊತ್ತಿಲ್ಲದೆ ದಾರಿಯೂ ಆಗಬಹುದು. ಇದು ಯಾರೂ ಹೆಚ್ಚು ಮಾತಾಡದ ಸಂಗತಿ. ಹೋಮ್‌ಸ್ಟೇಗಳು, ಕಾಫಿಪುಡಿ ಮಾರುವ ಸಣ್ಣ ಉದ್ದಿಮೆಗಳು ಜಾಲತಾಣ ಮಾಡಿಸಿಕೊಂಡಿವೆ, ಬಹುಪಾಲು ವರ್ಡ್‌ಪ್ರೆಸ್‌ನಲ್ಲಿ. ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ, ತಾಣ ಹಾಗೇ ಉಳಿಯಿತು. ಅದರ ಬಿಡಿಭಾಗಗಳಾದ ಪ್ಲಗಿನ್‌ಗಳಿಗೆ ವರ್ಷಗಟ್ಟಲೆ ಅಪ್‌ಡೇಟ್ ಇಲ್ಲ. ‘ಸಾಕ್‌ಗೋಲಿಶ್’ ಎಂದು ಸಂಶೋಧಕರು ಕರೆಯುವ ನಕಲಿ ಅಪ್‌ಡೇಟ್ ಜಾಲ ಬದುಕಿರುವುದೇ ಇಂಥ ತಾಣಗಳಿಗೆ ಕನ್ನ ಹಾಕಿ. ತಾಣ ಎಂದಿನಂತೆ ಇರುತ್ತದೆ, ಮಾಲೀಕ ನೋಡಿದಾಗ ಏನೂ ಕಾಣುವುದಿಲ್ಲ. ಆರಿಸಿದ ಕೆಲವು ಹೊಸ ಸಂದರ್ಶಕರಿಗೆ ಮಾತ್ರ, ಅದೂ ಒಂದೇ ಸಲ, ಅವರ ಬ್ರೌಸರ್‌ಗೆ ತಕ್ಕ ‘ಅಪ್‌ಡೇಟ್’ ತೋರಿಸುತ್ತದೆ. 2022ರ ನವೆಂಬರ್‌ನಲ್ಲಿ ಒಂದು ಮಾಧ್ಯಮ ಸೇವಾ ಕಂಪನಿಯ ಕೋಡ್ ಕೆಡಿಸಿ ಅಮೆರಿಕದ 250ಕ್ಕೂ ಹೆಚ್ಚು ಸುದ್ದಿತಾಣಗಳ ಮೂಲಕ ಇದನ್ನು ಹಂಚಿದ್ದನ್ನು ಪ್ರೂಫ್‌ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆ ಬಯಲು ಮಾಡಿತು. ಒಳ್ಳೆಯ ಹೆಸರಿನ ತಾಣದಲ್ಲಿ ಕಂಡಿತೆಂದು ಪೆಟ್ಟಿಗೆ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಹೋಮ್‌ಸ್ಟೇ ನಡೆಸುವವರು ತಾಣದ ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳನ್ನು ಹೊಸದಾಗಿಡಲು ಯಾರಿಗಾದರೂ ಒಪ್ಪಿಸಲೇಬೇಕು, ಬೇಡವಾದ ತಾಣವನ್ನು ತೆಗೆದೇ ಬಿಡಬೇಕು.

ಇಷ್ಟಾಗಿಯೂ ಒತ್ತಿಬಿಟ್ಟರೆ? ಮೊದಲು ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈಯೂ ಆರಿದೆ ಎಂದು ನೋಡಿ. ಮುಂದಿನ ಕರೆಗಳೆಲ್ಲ ಬೇರೆ ಫೋನಿನಿಂದ. ಕೆಟ್ಟ ಫೋನಿಗೆ ಬರುವ ಒಟಿಪಿ ಯಾರ ಕೈಗೆ ಹೋಗುತ್ತಿದೆಯೋ ಹೇಳಲಾಗದು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ದುಡ್ಡು ಖಾತೆಯಿಂದ ಖಾತೆಗೆ ಹಾರುವಷ್ಟರಲ್ಲಿ ಅದನ್ನು ತಡೆಹಿಡಿಯಲು ಬ್ಯಾಂಕುಗಳನ್ನು ಜೋಡಿಸಿದ ವ್ಯವಸ್ಥೆ ಅದು. ‘ಬೆಳಗ್ಗೆ ನೋಡೋಣ’ ಎಂದರೆ ತಪ್ಪುತ್ತದೆ. ಹೆಚ್ಚಿನ ವಿವರವನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಚಿಕ್ಕಮಗಳೂರಿನ ಸೆನ್ (ಸೈಬರ್ ಅಪರಾಧ) ಠಾಣೆಯಲ್ಲಿ ದಾಖಲಿಸಬಹುದು. ಹತ್ತಿರದ ಯಾವ ಠಾಣೆಗೆ ಹೋದರೂ ದೂರು ಕೊಡುವ ಹಕ್ಕಿದೆ. ಬಂದ ಸಂದೇಶ, ಲಿಂಕ್, ನಂಬರ್‌ಗಳ ಚಿತ್ರ ತೆಗೆದಿಟ್ಟುಕೊಂಡ ಮೇಲೆಯೇ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸಬೇಕು. ಆ್ಯಪ್ ತೆಗೆದುಹಾಕಿದರೆ ಸಾಕು ಎನ್ನುವಂತಿಲ್ಲ, ಕೆಲವು ತಮ್ಮ ಗುರುತನ್ನೇ ಅಡಗಿಸಿಕೊಂಡು ಒಳಗೇ ಇರುತ್ತವೆ. ಪಾಸ್‌ವರ್ಡ್, ಯುಪಿಐ ಪಿನ್ ಬದಲಿಸುವುದೂ ಬೇರೆ ಯಂತ್ರದಲ್ಲೇ. ವಾಟ್ಸ್‌ಆ್ಯಪ್ ಗುಂಪುಗಳಿಗೆ ‘ನನ್ನ ಹೆಸರಲ್ಲಿ ಏನಾದರೂ ಫೈಲು ಬಂದರೆ ತೆರೆಯಬೇಡಿ’ ಎಂದು ತಿಳಿಸುವುದಕ್ಕೆ ನಾಚಿಕೆ ಪಡಬೇಕಿಲ್ಲ. ಮೋಸ ಹೋದವರು ಸುಮ್ಮನಿದ್ದಷ್ಟೂ ಅದೇ ಫೈಲು ಪಕ್ಕದ ಮನೆಗೆ ಹೋಗುತ್ತದೆ.

ಬ್ಯಾಂಕಿಗೆ ತಿಳಿಸುವುದು ಬೇರೆಯೇ ಕೆಲಸ, 1930ಕ್ಕೆ ಹೇಳಿದೆ ಎಂದು ಬಿಡುವಂತಿಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದರೆ ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ಒಟಿಪಿ, ಪಿನ್ ಬಿಟ್ಟುಕೊಟ್ಟಂಥ ಗ್ರಾಹಕರ ಅಜಾಗರೂಕತೆ ಎಂದಾದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರದ್ದು ಬ್ಯಾಂಕಿನದ್ದು. ತಿಳಿಸಿದ ಗಳಿಗೆ ಯಾವುದು ಎಂಬುದರ ಮೇಲೆ ಇಷ್ಟೊಂದು ನಿಂತಿರುವುದರಿಂದ, ಬ್ಯಾಂಕಿನ ಸಹಾಯವಾಣಿಗೆ ಹೇಳಿ ಫೋನಿಡುವ ಮೊದಲು ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಮರುದಿನ ಶಾಖೆಗೆ ಹೋಗಿ ದಿನಾಂಕ, ಸಮಯ ಹಾಕಿದ ಪತ್ರ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.